ನಾಲಿಗೆಯ ಮೇಲಿನ ವಿಭೂತಿ

ಅಕ್ಕನಾಗಮ್ಮನ ವಿಷಯ ಹೇಳುವ ಮೊದಲು ನನ್ನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ನನಗೆ ಯಾರನ್ನೂ ಸುಲಭಕ್ಕೆ ನಂಬಿ ಗೊತ್ತಿಲ್ಲ. ತರಕಾರಿಯವಳು ಕೇಳದೆಯೇ ಎರಡೆಳೆ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ನಾನು ತಕ್ಕಡಿಯ ತಳ ನೋಡುತ್ತೇನೆ. ರೂಪನಗುಡಿಯ ನಮ್ಮ ಮನೆಯಲ್ಲಿ ನನ್ನನ್ನು ಅನಿತಾ ಎಂದು ಕರೆಯುವವರು ಕಡಿಮೆ, 'ಸಿಐಡಿ' ಎನ್ನುವವರೇ ಹೆಚ್ಚು. ಹಾಗಾಗಿ ಬಳ್ಳಾರಿಯ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷಕ್ಕೆ ಬಂದಾಗ, ಧ್ವನಿವಿಜ್ಞಾನ ಎಂಬ ಹೊಸ ಪಾಠದ ಮೇಲೂ ನನಗೆ ಮೊದಲ ದಿನವೇ ಅನುಮಾನ ಬಂತು.

ಬರದೆ ಇನ್ನೇನು? ಪಾಠ ಹೇಳಲು ಬಂದ ಕರಿಬಸವ ಸರ್ ಅತಿಥಿ ಉಪನ್ಯಾಸಕರು, ಇನ್ನೂ ಎಳೆ ವಯಸ್ಸು. ಪುಸ್ತಕ ತೆಗೆಯಿರಿ ಎನ್ನಲೇ ಇಲ್ಲ. "ಎಲ್ಲಾರೂ ಗಂಟಲ ಮ್ಯಾಲೆ ಬೆರಳಿಡ್ರಿ. ಮೊದಲು 'ಸ್' ಅಂತ ಉದ್ದಕ ಎಳೀರಿ, ಆಮ್ಯಾಲೆ 'ಮ್' ಅನ್ರಿ. ಯಾವಾಗ ನಡುಗತೈತಿ ನೋಡ್ರಿ" ಎಂದರು. ಇಡೀ ತರಗತಿ ಹಾವಿನ ಹಾಗೆ ಬುಸುಗುಟ್ಟಿತು. ಪಕ್ಕದ ಕೋಣೆಯಿಂದ ಅರ್ಥಶಾಸ್ತ್ರದ ಮೇಡಂ ಬಂದು ಇಣುಕಿ ಹೋದರು. ಇನ್ನೊಂದು ದಿನ ಎಲ್ಲರೂ ಕನ್ನಡಿ ತರಬೇಕು. ಮತ್ತೊಂದು ದಿನ ತೆಳು ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು 'ಪ', 'ಫ' ಎನ್ನಬೇಕು. ಉಸಿರು ತಗುಲಿ ಕಾಗದ ಅಲುಗಿದರೆ ಮಹಾಪ್ರಾಣ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆಯವರ ಕಾಗದ ಏನು ಮಾಡಿದರೂ ಅಲುಗಲೊಲ್ಲದು. ಇದಕ್ಕೆಲ್ಲ ಮಾರ್ಕ್ಸ್ ಕೊಡುತ್ತಾರೆ ಎಂದರೆ ಎಲ್ಲೋ ಏನೋ ಮೋಸವಿದೆ ಎಂದು ನಾನು ತೀರ್ಮಾನಿಸಿದೆ. ಅದೂ ಅಲ್ಲದೆ ಸರ್ ನಮ್ಮೆಲ್ಲರ ದನಿಯನ್ನು ತಮ್ಮ ಫೋನಿನಲ್ಲಿ ತುಂಬಿಕೊಳ್ಳುತ್ತಿದ್ದರು. ಅದನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಕೇಳಿದರೆ "ಮನಿಗೆ ಹೋಗಿ ಕೇಳತೀನಿ" ಎಂದರು. ಮನೆಗೆ ಹೋಗಿ ನಮ್ಮ ಬುಸುಗುಟ್ಟುವಿಕೆ ಕೇಳುವ ಗಂಡಸನ್ನು ನಂಬುವುದು ಹೇಗೆ?

ಅಕ್ಕನಾಗಮ್ಮ ನನ್ನ ಬೆಂಚಿನವಳು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ದೊಡ್ಡಬಸವರಾಜ ಅವರಿಗೆ ಅಲ್ಲಿ ಬೀಜ-ಗೊಬ್ಬರದ ಅಂಗಡಿ. ಮುತ್ತಜ್ಜಿಯ ಹೆಸರು ಹೊತ್ತ ಹುಡುಗಿ, ಆ ಹೆಸರಿನಷ್ಟೇ ಗಂಭೀರ. ಮೊದಲೆರಡು ವರ್ಷ ತರಗತಿಯಲ್ಲಿ ಅವಳ ಬಾಯಿಂದ ಒಂದು ಮಾತು ಕೇಳಿದವರಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು, ಪ್ರಶ್ನೆಗೆ ತಲೆ ಅಲ್ಲಾಡಿಸುತ್ತಿದ್ದಳು. ಗೊಬ್ಬರದಂಗಡಿಯ ದೊಡ್ಡಸ್ತಿಕೆ ಎಂದುಕೊಂಡು ನಾನೂ ದೂರ ಇದ್ದೆ. ಆಮೇಲೆ ಗೊತ್ತಾಯಿತು. ಪಿಯುಸಿಯಲ್ಲಿ ಪಾಠ ಓದುವಾಗ 'ಮನಿ', 'ಸಾಲಿ' ಎಂದಳಂತೆ. ತರಗತಿಯೆಲ್ಲ ನಕ್ಕಿತಂತೆ. ಮೇಷ್ಟ್ರು ನಗು ನಿಲ್ಲಿಸುವ ಬದಲು, ಮೊದಲು ಮಾತು ಕಲಿತುಕೊಂಡು ಬಾ ಎಂದರಂತೆ. ಇವಳು ಕಲಿಯಲೂ ಇಲ್ಲ, ಆಡಲೂ ಇಲ್ಲ.

ಕರಿಬಸವ ಸರ್ ಅವಳನ್ನು ಎಬ್ಬಿಸಿ ಓದು ಎಂದಾಗ ಎಂದಿನಂತೆ ತಲೆ ಅಲ್ಲಾಡಿಸಿದಳು. ಸರ್ ಬೈಯಲಿಲ್ಲ. "ನೀ 'ಮನಿ' ಅಂತಿಯೋ 'ಮನೆ' ಅಂತಿಯೋ?" ಎಂದು ಕೇಳಿದರು. ಅವಳು ನೆಲ ನೋಡಿದಳು. "ತಪ್ಪು-ಸರಿ ನನಗ ಬ್ಯಾಡವ್ವ. ಕನ್ನಡಿ ಹಿಡಿ. ಆ ಮಾತಿನ ಕೊನಿಗೆ ನಿನ್ನ ನಾಲಿಗಿ ಎಲ್ಲಿ ಹೋಗತೈತಿ, ಅಷ್ಟು ಹೇಳು" ಎಂದರು. ಅವಳು ಕನ್ನಡಿ ಹಿಡಿದು ಎಷ್ಟೋ ಹೊತ್ತು ತನ್ನ ಬಾಯಿಯನ್ನೇ ನೋಡಿದಳು. ಯಾರೂ ನಗಲಿಲ್ಲ, ಎಲ್ಲರ ಬಾಯಿಯೂ ಅದೇ ಪರೀಕ್ಷೆಯಲ್ಲಿತ್ತು. "ಮ್ಯಾಲೆ ಹೋಗತೈತಿ ಸರ್" ಎಂದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಸಿರುಗುಪ್ಪ, ಸಿರುಗುಪ್ಪ" ಎಂದು ಕೂಗುತ್ತಿದ್ದರೆ ಅವನ ಬಾಯಿಯನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಅವನು ಜೇಬು ಮುಟ್ಟಿಕೊಂಡ, ಶರ್ಟಿನ ಗುಂಡಿ ನೋಡಿಕೊಂಡ, ಕೊನೆಗೆ ನನ್ನನ್ನು "ಏನಂತವ್ವ ಆಕೀದು?" ಎಂದು ಕೇಳಿದ. ಅರ್ಧ ಅಂಕಕ್ಕೂ ಜಗಳ ಕಾಯತೊಡಗಿದಳು. ಬಿಎ ಮುಗಿಸಿ ಇದರಲ್ಲೇ ಎಂಎ ಮಾಡುತ್ತೇನೆ ಎಂದು ಸರ್ ಹತ್ತಿರ ಹೇಳಿಯೂಬಿಟ್ಟಳು. ಆದರೆ ಮನೆಯಲ್ಲಿ ಹೇಳಿರಲಿಲ್ಲ. ಮನೆಯಲ್ಲಿ ಬೇರೆಯೇ ಅಡುಗೆ ಬೇಯುತ್ತಿತ್ತು.

ಅವಳ ಸೋದರಮಾವ ಮರಿಬಸಪ್ಪ ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ ಮಾಡುವವನು. ತಾನು ಭತ್ತ ಹಾಕುವ ರೈಸ್ ಮಿಲ್ಲಿನ ಮಾಲೀಕನ ಮಗ ಗವಿಸಿದ್ದೇಶನಿಗೆ ಇವಳನ್ನು ತೋರಿಸಿದ್ದ. ಹೆಣ್ಣು ನೋಡಿ ಒಪ್ಪಿಹೋಗಿದ್ದರು, ನಿಶ್ಚಯ ಒಂದೇ ಬಾಕಿ. ಓದಿನ ಗತಿಯೇನು ಎಂದು ಇವಳು ಕೇಳಿದ್ದಕ್ಕೆ, "ಪರೀಕ್ಷೆ ಮುಗಿಸಿಕೊಂಡೇ ಬರಲಿ, ಎಷ್ಟು ಓದತಾಳೋ ಓದಲಿ ಅಂದಾರ" ಎಂದು ಮಾವ ಹೇಳಿದ್ದನಂತೆ. ನನಗೆ ಆಗಲೇ ಶಕ್ ಬಂತು. ಇಷ್ಟು ಒಳ್ಳೆಯ ಮಾತನ್ನು ಹುಡುಗನ ಕಡೆಯವರು ತಾವೇ ಬಂದಾಗ ಯಾಕೆ ಹೇಳಲಿಲ್ಲ?

ಇದರ ನಡುವೆ ಸರ್ ಹೊಸ ಕೆಲಸ ಕೊಟ್ಟರು. ಇದ್ದಲಿನ ಪುಡಿಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ನಾಲಿಗೆಗೆ ಬಳಿಯಬೇಕು. 'ಆಟ' ಎಂದು ಒಂದೇ ಒಂದು ಸಲ ಹೇಳಬೇಕು. ನಾಲಿಗೆ ಎಲ್ಲಿ ತಗುಲಿತೋ ಅಂಗುಳದ ಮೇಲೆ ಅಲ್ಲಿ ಕಪ್ಪು ಹತ್ತುತ್ತದೆ. ಬಾಯಿ ಮುಚ್ಚದೆ, ಉಗುಳು ನುಂಗದೆ, ಮತ್ತೊಂದು ಮಾತಾಡದೆ, ಚಿಕ್ಕ ಕನ್ನಡಿಯನ್ನು ಬಾಯೊಳಗಿಟ್ಟು ಅದರ ಫೋಟೋ ತೆಗೆಯಬೇಕು. ಒಂದು ತನ್ನದು, ಒಂದು ಮನೆಯ ಹಿರಿಯರದು.

ಮರುದಿನ ಅಕ್ಕನಾಗಮ್ಮ ಮುಖ ಬಾಡಿಸಿಕೊಂಡು ಬಂದಳು. ಮನೆಯಲ್ಲಿ ಇರುವುದು ಗ್ಯಾಸ್ ಒಲೆ, ಇದ್ದಲು ಎಲ್ಲಿಂದ ತರುವುದು ಎಂದು, ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನೇ ತೇದು ನಾಲಿಗೆಗೆ ಬಳಿದುಕೊಂಡಳಂತೆ. 'ಆಟ' ಎಂದು, ಕನ್ನಡಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಅಪ್ಪನ ತಾಯಿ ಕೊಟ್ರಮ್ಮಜ್ಜಿ ಒಳಗೆ ಬಂದರಂತೆ.

ಅವರ ಮನೆತನದಲ್ಲಿ ನಾಲಿಗೆಯ ಮೇಲೆ ವಿಭೂತಿ ಇಟ್ಟುಕೊಂಡು ಆಡಿದ ಮಾತು ಎಂದರೆ ಆಣೆ. ಆಡಿದವರು ಅದನ್ನು ಮುರಿಯುವಂತಿಲ್ಲ. ಒಬ್ಬರೇ ಕೂತು ಆಡಿಕೊಂಡರೆ, ಏನು ಆಡಿದೆ ಎಂದು ಬೇರೆಯವರು ಕೆದಕುವಂತಿಲ್ಲ. ಅಜ್ಜಿಯ ಮಾವನವರ ಕಾಲದಲ್ಲಿ ಹೊಲದ ಬದುವಿನ ವ್ಯಾಜ್ಯ ಕೋರ್ಟಿಗೆ ಹೋಗದೆ ಹೀಗೇ ಮುಗಿದಿತ್ತಂತೆ. ಮೊಮ್ಮಗಳು ದೇವರ ಮುಂದೆ ನಾಲಿಗೆ ಬಿಳಿ ಮಾಡಿಕೊಂಡು ನಿಂತದ್ದು ಕಂಡು ಅಜ್ಜಿ ಕೆದಕಬಾರದೆಂಬುದನ್ನೂ ಮರೆತರು.

"ಯಾರ ಮ್ಯಾಲೆ ಆಣಿ ಮಾಡಿದ್ಯೇ ನಾಗೀ?" ಎಂದರಂತೆ.

ಇವಳು ಬಾಯಿ ಮುಚ್ಚುವಂತಿಲ್ಲ, ಮಾತಾಡಿದರೆ ಚಿತ್ರ ಕೆಡುತ್ತದೆ. ಬಾಯಿ ಆ ಎಂದು ತೆರೆದುಕೊಂಡೇ, ಇಲ್ಲ ಇಲ್ಲ ಎಂದು ಕೈ ಅಲ್ಲಾಡಿಸಿದಳು. ಹೇಳುವುದಿಲ್ಲ ಎನ್ನುತ್ತಿದ್ದಾಳೆ ಎಂದು ಅಜ್ಜಿಗೆ ಖಚಿತವಾಯಿತು. ಫೋಟೋ ತೆಗೆದು, ಬಾಯಿ ತೊಳೆದು ಬಂದು, ಇದು ಕಾಲೇಜಿನ ಪಾಠ ಎಂದು ಎಷ್ಟು ಬಿಡಿಸಿ ಹೇಳಿದರೂ ಅಜ್ಜಿ ನಂಬಲಿಲ್ಲ. "ಆಣಿ ಮಾಡಿದವರು ಹಂಗೇ ಹೇಳಬೇಕು" ಎಂದುಬಿಟ್ಟರು. ಸಂಜೆ ಅಂಗಡಿಯಿಂದ ಮಗ ಬಂದಾಗ, ಹುಡುಗಿ ಏನೋ ಆಣೆ ಮಾಡಿಕೊಂಡಿದ್ದಾಳೆ, ಅದನ್ನು ಅವಳಾಗಿಯೇ ಹೇಳುವವರೆಗೆ ನಿಶ್ಚಯದ ಮಾತು ಎತ್ತಬೇಡ ಎಂದರು.

ಸುದ್ದಿ ಸಿರುಗುಪ್ಪಕ್ಕೆ ಮುಟ್ಟಿತು, ಮಾವ ಓಡಿಬಂದ. ಹುಡುಗಿ ಆಣೆ ಮಾಡಿದ್ದಾಳೆಂದರೆ ಅದರ ಹಿಂದೆ ಹುಡುಗನೊಬ್ಬ ಇರಲೇಬೇಕು ಎಂಬುದು ಅವನ ಲೆಕ್ಕ. ಅವಳ ಫೋನ್ ಕಸಿದು ಕಿವಿಗಿಟ್ಟುಕೊಂಡ. ಅದರಲ್ಲಿ ಅವಳು ತರಗತಿಯಲ್ಲಿ ತುಂಬಿಕೊಂಡಿದ್ದ ಸರ್ ದನಿ ಇತ್ತು: "ತುಟಿ ಮುಚ್ಚು. ಈಗ ಜೋರಾಗಿ ಉಸಿರು ಬಿಡು. ಸಾಲದು, ಇನ್ನೊಮ್ಮೆ. ಹಾಂ, ಈಗ ಬಂತು ನೋಡು!" ಮಾವ ಆ ಫೋನಿನಿಂದಲೇ ಗೆಳತಿಯ ನಂಬರ್ ಹುಡುಕಿ ಬರೆದುಕೊಂಡನಂತೆ.

ಆಮೇಲೆ ನನಗೇ ಫೋನ್ ಮಾಡಿದ. "ನೋಡವ್ವ ಅನಿತಾ, ನೀ ನನ್ನ ಮಗಳಿದ್ದಂಗ. ಖರೇ ಹೇಳು, ಆ ಉಸಿರು ಬಿಡಸೋ ಮನುಷ್ಯಾ ಯಾರು?"

"ನೀವು ಯಾರ್ರಿ? ನನ್ನ ನಂಬರ್ ಯಾರು ಕೊಟ್ರು?" ಎಂದು ನಾನೇ ತಿರುಗಿ ಕೇಳಿದೆ. ಸಿಐಡಿಯ ಹತ್ತಿರ ಸಿಐಡಿ ಕೆಲಸ ನಡೆಯುವುದಿಲ್ಲ.

ಎರಡು ದಿನ ಬಿಟ್ಟು ಅವನು ಕಾಲೇಜಿಗೇ ಬಂದ. ಬಿಳಿ ಅಂಗಿ, ಕೊರಳಿಗೆ ಟವೆಲ್, ಜಗಳಕ್ಕೆ ಸಿದ್ಧವಾದ ಮೀಸೆ. ನಮ್ಮ ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ, ಒಳಗೆ ಹುಡುಗರು ಹುಡುಗಿಯರೆಲ್ಲ ಕಪ್ಪು ನಾಲಿಗೆ ಚಾಚಿಕೊಂಡು ಕೂತಿದ್ದಾರೆ. ಮಾವ ಅಲ್ಲೇ ಹೊಸ್ತಿಲಲ್ಲಿ ಕಾಲು ಹಿಂದೆ ತೆಗೆದ. ಸರ್ ಹೋಗಿ ಕೈ ಹಿಡಿದರು. "ಸಿರುಗುಪ್ಪದವರೇನ್ರಿ? ಬರ್ರಿ ಬರ್ರಿ, ನಿಮ್ಮ ಕಡಿಯವರು ಒಬ್ಬರೂ ಸಿಕ್ಕಿದ್ದಿಲ್ಲ" ಎಂದು ಕೂರಿಸಿಯೇಬಿಟ್ಟರು. ಇದು ಏನು, ಯಾಕೆ, ಅಕ್ಕನಾಗಮ್ಮ ಇದರಲ್ಲೇ ಎಂಎ ಮಾಡಬೇಕೆಂದಿದ್ದಾಳೆ ಎಂದೆಲ್ಲ ವಿವರಿಸಿದರು. ಮಾವನ ಮೀಸೆ ಮೆಲ್ಲಗೆ ಇಳಿಯಿತು. ಫೋನಿನಲ್ಲಿದ್ದ ದನಿ ಇದೇ ಎಂದು ಗುರುತಾದಾಗ, ಉಸಿರು ಬಿಡಿಸುವುದು ಇಡೀ ತರಗತಿಗೆ ಎಂದು ತಿಳಿದಾಗ ನಕ್ಕೂಬಿಟ್ಟ. ಖುಷಿಯಲ್ಲಿ ತಾನೇ ಬಾಯಿ ತೆರೆದ. ಇದ್ದಲು ಬಳಿಸಿಕೊಂಡು "ಆಟ" ಎಂದ. ಫೋಟೋ ನೋಡಿ, "ನಮ್ಮ ಬಾಯಾಗ ಇಷ್ಟು ಜಾಗ ಐತೇನ್ರಿ!" ಎಂದು ಬೆರಗಾದ.

ಅಕ್ಕನಾಗಮ್ಮನಿಗೆ ಮಾತ್ರ ನಗು ಬರಲಿಲ್ಲ. "ಈಗ ಹೋಗಿ ಪಾಠ ಅಂತ ಹೇಳತಾನ. ಆಣಿ ಇಲ್ಲ ಅಂದ್ರ ನಿಶ್ಚಯ" ಎಂದಳು. ಅವಳು ಹೇಳುತ್ತಿದ್ದ ನಿಜ ಈಗ ಅವಳ ಕೊರಳಿಗೇ ಬಂದಿತ್ತು.

ಭಾನುವಾರ ನನ್ನನ್ನು ಕುರುಗೋಡಿಗೆ ಕರೆದಳು. ಪಾಠ ಹೌದು ಎಂದು ಹೇಳಲಿಕ್ಕೊಬ್ಬರು ಬೇಕು ಎಂದು ಮಾವನೇ ಹೇಳಿದ್ದನಂತೆ. ಬಸ್ಸಿಳಿದು ಅವರ ಓಣಿಗೆ ಹೋದೆ. ಅವರ ಮನೆಯ ಎದುರಿಗೇ ಒಂದು ಇಸ್ತ್ರಿ ಅಂಗಡಿ. ಅಂಜಿನಿ ಎಂಬ ಹೆಂಗಸು ದೊಡ್ಡ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು, ಪಕ್ಕದಲ್ಲಿ ಚೀಲದ ತುಂಬ ಇದ್ದಲು. ನಾನು ಅಲ್ಲೇ ನಿಂತು ಆ ಚೀಲವನ್ನು ನೋಡಿದೆ, ಆಮೇಲೆ ಆ ಮನೆಯ ಬಾಗಿಲನ್ನು ನೋಡಿದೆ. ಒಂದು ಹುಳು ತಲೆಯೊಳಗೆ ಹೊಕ್ಕಿತು. ಸದ್ಯಕ್ಕೆ ಸುಮ್ಮನೆ ಒಳಗೆ ಹೋದೆ.

ಪಡಸಾಲೆಯಲ್ಲಿ ಅಪ್ಪ, ಅಜ್ಜಿ, ಮಾವ. ಅವ್ವ ಅಡುಗೆಮನೆಯ ಬಾಗಿಲಲ್ಲಿ. ಮಾವ ಧ್ವನಿವಿಜ್ಞಾನದ ಪಂಡಿತನಾಗಿ ಮಾತಾಡುತ್ತಿದ್ದ. "ಏನೂ ಇಲ್ಲ ಅಜ್ಜೀ, ಇದು ಬಾಯಿ ಸೈನ್ಸು. ನಾಲಿಗಿ ಎಲ್ಲಿ ಬಡೀತೈತಿ ನೋಡೋದು. ನಾನೂ ಬಾಯಿ ತಗದು ಮಾಡಿಸ್ಕೊಂಡು ಬಂದೀನಿ. ಆಣಿ ಗೀಣಿ ಏನೂ ಇಲ್ಲ. ಬರೋ ವಾರ ನಿಶ್ಚಯ ಇಟ್ಕಳಣ."

ಅಪ್ಪ ಮಗಳ ಕಡೆ ನೋಡಿದರು. "ಹೌದೇನವ್ವ?"

"ಹೌದಪ್ಪ. ಪಾಠನ" ಎಂದಳು. ದನಿ ನಡುಗಿತು. ನನಗೆ ಗಂಟಲ ಮೇಲೆ ಬೆರಳಿಡದೆಯೇ ಗೊತ್ತಾಯಿತು. "ಆದ್ರ ನನ್ನ ಓದು?"

"ಅಯ್ಯ, ಎಷ್ಟು ಸಲ ಹೇಳಬೇಕು! ಬಿಎ ಅಲ್ಲ, ಎಂಎ ಮಾಡ್ತೀನಿ ಅಂದ್ರೂ ಓದಸ್ತಾರ" ಎಂದ ಮಾವ.

ಎಂಎ ಮಾತು ಅವಳು ಮನೆಯಲ್ಲಿ ಎತ್ತಿಯೇ ಇರಲಿಲ್ಲ. ಕಾಲೇಜಿನಲ್ಲಿ ಸರ್ ಹೇಳಿದ್ದನ್ನು ಕೇಳಿಸಿಕೊಂಡು ಬಂದು, ಸಿರುಗುಪ್ಪದವರ ಬಾಯಿಗೆ ತುರುಕುತ್ತಿದ್ದಾನೆ ಎಂದು ನನಗೆ ಹೊಳೆಯಿತು. ಅವಳಿಗೂ ಹೊಳೆದಿರಬೇಕು. ಎದ್ದು ಹೋದಳು. ದೇವರ ಜಗಲಿಯಿಂದ ವಿಭೂತಿ ಗಟ್ಟಿ, ಒಂದು ಬಟ್ಟಲು ನೀರು ತಂದು ಮಾವನ ಮುಂದಿಟ್ಟಳು.

"ಮಾಮಾ, ಅಜ್ಜಿಗೆ ಇನ್ನೂ ನಂಬಿಕಿ ಬಂದಿಲ್ಲ. ಕಾಲೇಜಿನಾಗ ಮಾಡಿದಂಗ ಇಲ್ಲೂ ಒಮ್ಮೆ ಮಾಡಿ ತೋರಿಸು. ಇದ್ದಲಿಲ್ಲ, ಇದನ್ನ ಹಚ್ಕೋ."

"ಅದಕ್ಕೇನ್..." ಎಂದು ಮಾವ ಕೈ ಚಾಚಿದ.

"'ಆಟ' ಅನ್ನಬ್ಯಾಡ" ಎಂದರು ಅಜ್ಜಿ. "ಪರೀಕ್ಷೆ ಮುಗಿಸ್ಕೊಂಡೇ ಬರಲಿ, ಎಷ್ಟು ಓದತಾಳೋ ಓದಲಿ ಅಂತ ಅವರು ಅಂದಾರಂತಲ್ಲ, ಅದನ್ನ ಅನ್ನು. ಪಾಠ ಅಂದ ಮ್ಯಾಲೆ ಯಾವ ಮಾತಾದ್ರೇನು?"

ಮಾವನ ಕೈ ಬಟ್ಟಲಿನ ಮೇಲೆಯೇ ನಿಂತಿತು. ಇದ್ದಲಿಗೆ ಅಷ್ಟು ಅಗಲ ತೆರೆದ ಬಾಯಿ ವಿಭೂತಿಗೆ ತೆರೆಯಲಿಲ್ಲ. ಮಡಿಯಿಲ್ಲ ಎಂದ, ಸ್ನಾನ ಮಾಡಿ ಬಹಳ ಹೊತ್ತಾಯಿತು ಎಂದ, ದೇವರ ವಸ್ತುವನ್ನು ಆಟಕ್ಕೆ ಬಳಸಬಾರದು ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ಸಿಟ್ಟು ಬಂತು, ಸತ್ಯ ಹೇಳಬೇಕೆಂದರೆ ಖುಷಿಯೂ ಆಯಿತು.

ದೊಡ್ಡಬಸವರಾಜ ಅವರು ಫೋನ್ ತೆಗೆದು ಸಿರುಗುಪ್ಪಕ್ಕೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿದರು. ಹುಡುಗನ ತಾಯಿ ಎತ್ತಿದರು. ಓದಿನ ವಿಷಯ ಕೇಳಿದ್ದಕ್ಕೆ ಆ ತಾಯಿ ಗಾಬರಿಯಾದರು. "ಓದೇನ್ರಿ? ಹುಡುಗಿಗೆ ಓದು ಸಾಕಾಗೈತಿ, ಈ ಪರೀಕ್ಷೆನೂ ಬರೆಯಂಗಿಲ್ಲ ಅಂತ ಮರಿಬಸಪ್ಪಣ್ಣ ಹೇಳ್ಯಾರಲ್ರಿ. ಅದಕ್ಕ ನಾವು ಮುಂದಿನ ತಿಂಗಳು ಮುಹೂರ್ತ ನೋಡಿಸೀವಿ. ಯಾಕ್ರಿ, ಏನಾತು?"

ಪಾಪ, ಅವರದೇನೂ ತಪ್ಪಿರಲಿಲ್ಲ. ಆಮೇಲೆ ಮಾತಾಡ್ತೀನಿ ಎಂದು ಅಪ್ಪ ಫೋನ್ ಇಟ್ಟರು.

"ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತ ಹಿರೇರು ಹೇಳ್ಯಾರ" ಎಂದು ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಒಳ್ಳೇ ಮನಿ, ಕೈ ಬಿಟ್ಟು ಹೋದೀತು ಅಂತ..."

"ಊಟ ಮಾಡ್ಕೊಂಡು ಹೋಗು" ಎಂದರು ಅಪ್ಪ. ಅವನು ಊಟಕ್ಕೆ ನಿಲ್ಲಲಿಲ್ಲ.

ಅಕ್ಕನಾಗಮ್ಮ ವಿಭೂತಿ ಎತ್ತಿಡಲು ಹೋದಳು. ಅಜ್ಜಿ ಅವಳ ಕೈ ಹಿಡಿದರು. "ಮನೀ ಹಿರೇರದೂ ಒಂದು ಫೋಟೋ ಬೇಕು ಅಂದಿದ್ಯಲ್ಲ. ತಗಿ" ಎಂದು ಗೋಡೆಗೆ ಒರಗಿ ಕೂತು ನಾಲಿಗೆ ಚಾಚಿದರು.

ಅವಳು ಬಟ್ಟಲಲ್ಲಿ ತೇದು, ಅಜ್ಜಿಯ ನಾಲಿಗೆಗೆ ಬೆರಳಿನಿಂದಲೇ ಬಳಿದಳು. ಕನ್ನಡಿ ನಾನು ಹಿಡಿದೆ. "ಈಗ 'ಆಟ' ಅನ್ನು ಅಜ್ಜಿ. ಒಂದೇ ಸಲ. ಆಮ್ಯಾಲೆ ಬಾಯಿ ಮುಚ್ಚಬ್ಯಾಡ."

ಅಜ್ಜಿ ಮೊಮ್ಮಗಳನ್ನು ನೋಡಲಿಲ್ಲ, ಮಗನನ್ನು ನೋಡಿದರು. "ನನ್ನ ಮೂರನೇ ಇಯತ್ತೆಗೆ ಸಾಲಿ ಬಿಡಿಸಿ ಈ ಮನಿಗೆ ಕೊಟ್ರು. ಇಕೀನ ಬಿಡಸಂಗಿಲ್ಲ. ಎಷ್ಟು ಓದತಾಳೋ ಅಷ್ಟೂ ಓದತಾಳ" ಎಂದರು. ಎಂದವರೇ ಬಾಯಿಯನ್ನು ದೊಡ್ಡದಾಗಿ ತೆರೆದು ಹಾಗೇ ಕೂತರು. ಹೇಳಿಕೊಟ್ಟ ಪಾಠ ತಪ್ಪಲಿಲ್ಲ.

ದೊಡ್ಡಬಸವರಾಜ ಅವರು ಎದ್ದು ನಿಂತರು. ಅಕ್ಕನಾಗಮ್ಮ ಫೋನ್ ನನ್ನ ಕೈಗಿಟ್ಟು ಕನ್ನಡಿ ತಾನು ಹಿಡಿದಳು. ನನಗೆ ಕಣ್ಣು ಮಂಜಾಗಿತ್ತು, ಅಂದಾಜಿನ ಮೇಲೆ ತೆಗೆದೆ.

ಸಂಜೆ ಅವಳು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಅಂಜಿನಿಯ ಅಂಗಡಿಯ ಮುಂದೆ ನಾನು ನಿಂತೆ. ಇದ್ದಲಿನ ಚೀಲ ತೋರಿಸಿದೆ. "ಏನ್ಲೇ ನಾಗಿ, ಮನಿ ಮುಂದ ಇಷ್ಟು ಇದ್ದಲು ಇಟ್ಕೊಂಡು ವಿಭೂತಿ ಯಾಕ ಹಚ್ಕೊಂಡಿ? ಅಜ್ಜಿ ಆ ಹೊತ್ತಿಗೆ ಒಳಗ ಬರತಾಳ ಅಂತ ಗೊತ್ತಿತ್ತಲ್ಲ?"

ಅವಳು ನನ್ನ ಮುಖ ನೋಡಿದಳು. ಬಾಯಿ ಆ ಎಂದು ತೆರೆದು, ಮಾತಾಡುವಂತಿಲ್ಲ ಎಂದು ಕೈ ಅಲ್ಲಾಡಿಸಿದಳು. ಇವತ್ತಿನವರೆಗೂ ಆ ಪ್ರಶ್ನೆಗೆ ಅದೇ ಉತ್ತರ.

ವಾರದೊಳಗೆ ಅವಳ ಅಪ್ಪ ಸಿರುಗುಪ್ಪಕ್ಕೆ ತಾವೇ ಹೋಗಿ, ತಪ್ಪಾಯಿತು, ಈ ಸಂಬಂಧ ಇಲ್ಲಿಗೇ ಬಿಡೋಣ ಎಂದು ಕೈಮುಗಿದು ಬಂದರು. ನಾವು ಚಿತ್ರಗಳನ್ನು ಅಂಟಿಸಿ ಸರ್‌ಗೆ ಕೊಟ್ಟೆವು. ಅಕ್ಕನಾಗಮ್ಮನದನ್ನು ನೋಡುತ್ತಾ ಸರ್ ಎರಡನೆಯ ಚಿತ್ರದ ಹತ್ತಿರ ನಿಂತರು. ಹಲ್ಲಿಲ್ಲದ ಬಾಯಿ, ಅಂಗುಳದ ತುಂಬ ಬಿಳಿ.

"ಇದು ಕೆಟ್ಟೈತಿ. 'ಆಟ' ಅಷ್ಟ ಅನ್ನಬೇಕಿತ್ತು, ಇವರು ಏನೇನೋ ಮಾತಾಡಿಬಿಟ್ಟಾರ. ಇನ್ನೊಮ್ಮೆ ಮಾಡಿಸ್ಕೊಂಡು ಬಾ."

"ಆಗಂಗಿಲ್ಲ ಸರ್."

"ಯಾಕ?"

"ಅದನ್ನ ನಮ್ಮಜ್ಜಿ ಒಂದೇ ಸಲ ಹೇಳೋದು."

ಸರ್ ಅವಳನ್ನು ಒಂದು ಗಳಿಗೆ ನೋಡಿ, ಅಂಕ ಕಳೆದು ಸಹಿ ಹಾಕಿದರು. ಅರ್ಧ ಅಂಕಕ್ಕೂ ಜಗಳ ಕಾಯುವ ಅಕ್ಕನಾಗಮ್ಮ ಅವತ್ತು ಚಿತ್ರವನ್ನು ಎದೆಗವಚಿಕೊಂಡು ಸುಮ್ಮನೆ ಬಂದು ನನ್ನ ಪಕ್ಕ ಕೂತಳು.